ಆಯುಧಪೂಜೆ ದಿನ ಕೈ ಕೊಟ್ಟ ಅಂಬಾಸಿಡರ್, ಪಾಪ ಬ್ಯಾಟರೀದೇನೂ ತಪ್ಪಿಲ್ಲ

ಪ್ರಶ್ನೆ: ನಮ್ಮನೇಲಿ ಅಪ್ಪ ತಗೊಂಡಿದ್ದ 1967ರ ಅಂಬಾಸಿಡರ್ ಮಾರ್ಕ್ 2 ಇದೆ, ಮೈಸೂರಲ್ಲಿ. ಭಾನುವಾರ ಕುವೆಂಪುನಗರದಿಂದ ದೇವರಾಜ ಮಾರ್ಕೆಟ್‌ಗೆ ಹೋಗಿ ಬರೋದು, ಅಷ್ಟೇ ಅದರ ಓಡಾಟ, ಸ್ಪೀಡು 25-30 ದಾಟಲ್ಲ. ಬ್ಯಾಟರಿ ಇಳೀಬಾರ್ದು ಅಂತ ದಿನಾ ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ. ಆದ್ರೂ ಮೂರು ವರ್ಷದಲ್ಲಿ ಎರಡು ಬ್ಯಾಟರಿ ಹೋಯ್ತು. ಈ ಸಲ ಆಯುಧಪೂಜೆ ದಿನ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಸೆಲ್ಫ್ ಹೊಡೆದ್ರೆ ಟಕ್ ಅಂದು ಸುಮ್ಮನಾಯ್ತು, ನೆಂಟರೆಲ್ಲ ಸೇರಿ ತಳ್ಳಿದ್ರು. ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ಮೇಲೆ ಲ್ಯೂಕಾಸ್ ಸಿ40 ಅಂತ ಇದೆ. ನಮ್ಮ ಎಲೆಕ್ಟ್ರಿಷಿಯನ್ ಡೈನಮೋ ತೆಗೆದು ಈಗಿನ ಕಾರಲ್ಲಿರೋ ಥರ ಆಲ್ಟರ್ನೇಟರ್ ಹಾಕ್ಸಿ, ಇಲ್ಲಾಂದ್ರೆ ದೊಡ್ಡ ಬ್ಯಾಟರಿ ಹಾಕ್ಸಿ ಅಂತಿದ್ದಾರೆ. ಏನ್ ಮಾಡ್ಲಿ?

ಉತ್ತರ: ಮೊದಲು ಆ ಬೆಳಗಿನ ಹತ್ತು ನಿಮಿಷದ ಸೇವೆ ನಿಲ್ಸಿಬಿಡಿ ಸಾರ್. ನಿಮ್ಮ ಬ್ಯಾಟರಿ ತಿಂದಿರೋದು ಮಾರ್ಕೆಟ್ ಓಡಾಟಕ್ಕಿಂತ ಜಾಸ್ತಿ ಅದೇನೇ. ನಂಬೋಕೆ ಕಷ್ಟ ಅಂತ ಗೊತ್ತು, ನಾನೂ ವರ್ಷಗಟ್ಟಲೆ ಇದೇ ಕೆಲಸ ಮಾಡಿದೋನೇ, ಆಮೇಲೆ ಒಂದಿನ ಪೇಪರ್ ಪೆನ್ನು ಹಿಡ್ಕೊಂಡು ಕೂತು ಲೆಕ್ಕ ಹಾಕಿದ್ಮೇಲೆ ನನ್ನ ಮೇಲೇ ನಗು ಬಂತು.

ಲೆಕ್ಕ ಹೀಗಿದೆ. ಸೆಲ್ಫ್ ಹೊಡೆದಾಗ ಮೋಟ್ರು 150-200 ಆಂಪಿಯರ್ ಎಳೆಯುತ್ತೆ, ಕೇಳೋಕೆ ಗಾಬರಿ ಆಗುತ್ತೆ, ಆದ್ರೆ ಎಳೆಯೋದು ಮೂರು ಸೆಕೆಂಡು ಅಷ್ಟೇ. 200 ಆಂಪಿಯರ್ ಮೂರು ಸೆಕೆಂಡ್ ಅಂದ್ರೆ 0.17 ಆಂಪಿಯರ್-ಅವರ್. ನಿಮ್ಮ ಬ್ಯಾಟರಿ 60 ಆಂಪಿಯರ್-ಅವರ್ ಇರುತ್ತೆ ಅಂದ್ಕೊಳ್ಳಿ, ಒಂದು ಕೊಡ ನೀರಿಂದ ಕಾಫಿ ಲೋಟದ ಅರ್ಧ ತೆಗೆದಷ್ಟು. ಸ್ಟಾರ್ಟ್ ಮಾಡೋದ್ರಿಂದ ಬ್ಯಾಟರಿ ಖಾಲಿ ಆಗೋದು ಅನ್ನೋದೇ ತಪ್ಪು ಕಲ್ಪನೆ. ಸ್ಟಾರ್ಟ್ ಆದ್ಮೇಲೆ ಗಾಡಿ ಐಡ್ಲಿಂಗಲ್ಲಿ ಗುರ್ ಗುರ್ ಅಂತ ನಿಂತಿರುತ್ತಲ್ಲ, ಆಗ ಸ್ಪಾರ್ಕ್ ಕೊಡೋ ಇಗ್ನಿಷನ್ ಕಾಯಿಲ್ ಒಂದೇ ಹತ್ರಹತ್ರ 4 ಆಂಪಿಯರ್ ತಿನ್ತಾ ಇರುತ್ತೆ, ಹತ್ತು ನಿಮಿಷಕ್ಕೆ 0.67 ಆಂಪಿಯರ್-ಅವರ್ ಹೋಯ್ತು, ಅಂದ್ರೆ ನಾಲ್ಕು ಸಲ ಸೆಲ್ಫ್ ಹೊಡೆದಷ್ಟು. ಸೆಲ್ಫ್‌ದೂ ಸೇರಿಸಿ ದಿನಕ್ಕೆ 0.84, ತಿಂಗಳಿಗೆ 25. ಚೋಕ್ ಎಳೆದಿರೋ ಒಂದೆರಡು ನಿಮಿಷ ಎಂಜಿನ್ ಜೋರಾಗಿ ಓಡೋದ್ರಿಂದ ಸ್ವಲ್ಪ ವಾಪಸ್ ಬರುತ್ತೆ ಅಂತ ಬಿಟ್ರೂ, ಬ್ಯಾಟರಿ ಉಳಿಸೋಕೆ ಅಂತ ಮಾಡಿದ ಕೆಲಸದಿಂದಾನೇ ತಿಂಗಳಿಗೆ ಮೂರನೇ ಒಂದು ಭಾಗ ಖಾಲಿ ಮಾಡ್ತಿದ್ರಿ.

ಅಯ್ಯೋ ಎಂಜಿನ್ ಓಡ್ತಿದ್ರೆ ಡೈನಮೋ ಚಾರ್ಜ್ ಮಾಡಲ್ವಾ ಅಂತ ಕೇಳ್ತೀರಿ. ಮಾಡಲ್ಲ, ಐಡ್ಲಿಂಗಲ್ಲಿ ಸುತಾರಾಂ ಮಾಡಲ್ಲ. ಸಿ40 ಡೈನಮೋ ತಾನು ನಿಮಿಷಕ್ಕೆ 1450 ಸುತ್ತು ತಿರುಗೋವರೆಗೂ ಬ್ಯಾಟರಿಗಿಂತ ಜಾಸ್ತಿ ವೋಲ್ಟೇಜ್ ಹುಟ್ಸಲ್ಲ, ಅದರ ಪೂರ್ತಿ 22 ಆಂಪಿಯರ್ ಕೊಡೋಕೆ 2250 ಸುತ್ತು ಬೇಕು. ಪುಲ್ಲಿ ಲೆಕ್ಕದಲ್ಲಿ ಡೈನಮೋ ಎಂಜಿನ್ನಿಗಿಂತ ಸುಮಾರು ಒಂದೂವರೆ ಪಟ್ಟು ಜೋರಾಗಿ ತಿರುಗುತ್ತೆ, ಹಂಗಾಗಿ ಐಡ್ಲಿಂಗಲ್ಲಿ ಎಂಜಿನ್ 600 ಇದ್ರೆ ಡೈನಮೋ 900, ಅಲ್ಲಿಗೆ ಆಟ ಮುಗೀತು. ಆ ಹೊತ್ತಲ್ಲಿ ಬ್ಯಾಟರಿ ಕರೆಂಟು ಡೈನಮೋಗೆ ವಾಪಸ್ ಹರಿದು ಅದನ್ನೇ ಮೋಟ್ರು ಥರ ತಿರುಗಿಸೋಕೆ ಹೋಗಬಾರ್ದು ಅಂತ ಕಟೌಟ್ ಇರೋದು, ಅದು ಕಾಂಟ್ಯಾಕ್ಟ್ ಬಿಟ್ಟು ಕೂತಿರುತ್ತೆ. ಡ್ಯಾಷ್‌ಬೋರ್ಡಲ್ಲಿ ಆ ಕೆಂಪು ಲೈಟು ಮಿಣಮಿಣ ಅಂತಿರುತ್ತಲ್ಲ ಸಿಗ್ನಲ್ಲಲ್ಲಿ ನಿಂತಾಗ, ಅದು ಹೇಳ್ತಿರೋದು ಇದನ್ನೇ, ಈಗ ಬ್ಯಾಟರಿ ಖರ್ಚು ನಡೀತಿದೆ, ಆದಾಯ ಇಲ್ಲ ಅಂತ. ಅಂಬಾಸಿಡರ್‌ಗೆ ಅದು ಮಾಮೂಲಿ ಅಂತ ಎಲ್ಲಾರೂ ಬಿಟ್ಟುಬಿಡ್ತಾರೆ. ಮಾಮೂಲಿನೇ, ಆದ್ರೆ ಅರ್ಥ ಮಾತ್ರ ಅದೇ.

ಈಗ ನಿಮ್ಮ ಭಾನುವಾರದ ಕಥೆಗೆ ಬರೋಣ. 25ರ ಸ್ಪೀಡಲ್ಲಿ ಟಾಪ್ ಗೇರಿಗೆ ಹಾಕೋ ಅಭ್ಯಾಸ ಇದ್ಯಾ? ಹಳೇ ಡ್ರೈವರ್‌ಗಳಿಗೆಲ್ಲ ಇದೆ, ಪೆಟ್ರೋಲ್ ಉಳಿಯುತ್ತೆ ಅಂತ ಸ್ಟೇರಿಂಗ್ ಗೇರನ್ನ ಆದಷ್ಟು ಬೇಗ ನಾಲ್ಕಕ್ಕೆ ಎಳೆದು ಹಾಕಿಬಿಡೋದು. ಹಂಗೆ ಹೋದ್ರೆ ಎಂಜಿನ್ ಸಾವಿರದ ಆಸುಪಾಸಲ್ಲಿರುತ್ತೆ, ಡೈನಮೋ ಆಗ ತಾನೇ ಕಣ್ಣು ಬಿಡೋ ಹೊತ್ತು. ಅದೇ ಸ್ಪೀಡಲ್ಲಿ ಥರ್ಡ್ ಗೇರಲ್ಲೇ ಇರಿ, ಎಂಜಿನ್ 1500ಕ್ಕೆ ಹತ್ರ ಬರುತ್ತೆ, ಡೈನಮೋ ಪೂರ್ತಿ ದುಡಿಯೋಕೆ ಶುರು ಮಾಡುತ್ತೆ. ಒಂದು ಪೈಸೆ ಖರ್ಚಿಲ್ಲದ ರಿಪೇರಿ ಇದು. ಇನ್ನೊಂದು ಸಣ್ಣದು, ಸಿಗ್ನಲ್ಲಲ್ಲಿ ಬ್ರೇಕ್ ಪೆಡಲ್ ಒತ್ಕೊಂಡು ಕೂರ್ಬೇಡಿ, ಹಿಂದೆ 21 ವ್ಯಾಟಿನ ಎರಡು ಬಲ್ಬು ಉರೀತಾ ಮೂರೂವರೆ ಆಂಪಿಯರ್ ಹೋಗ್ತಿರುತ್ತೆ, ಕಾಯಿಲ್ ತಿನ್ನೋಷ್ಟೇ. ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೀರಿ. ಇಷ್ಟು ಮಾಡಿದ್ರೂ ಹಗಲಲ್ಲಿ ಹೋಗಿ ಬಂದ್ರೆ ಹಾಕಿದ್ದಕ್ಕೂ ತೆಗೆದಿದ್ದಕ್ಕೂ ಸರಿಹೋಗುತ್ತೆ ಅಷ್ಟೇ, ದೊಡ್ಡ ಲಾಭ ಏನಿಲ್ಲ. ಸಂಜೆ ಮೇಲಾದ್ರೆ ನಷ್ಟಾನೇ, ಯಾಕಂದ್ರೆ ಹೆಡ್‌ಲೈಟ್ ಎರಡೂ ಸೇರಿ ಏಳೂವರೆ ಆಂಪಿಯರ್, ಹಿಂದಿನ ಲೈಟು ನಂಬರ್ ಪ್ಲೇಟು ಎಲ್ಲಾ ಸೇರಿ ಇನ್ನೆರಡು, ಕಾಯಿಲ್‌ದು ನಾಲ್ಕು, ಮಳೆ ಬಂದ್ರೆ ವೈಪರ್‌ದು ಬೇರೆ. ಡೈನಮೋ ಪೂರ್ತಿ ಓಡಿದ್ರೇನೇ 22, ಸಯ್ಯಾಜಿರಾವ್ ರಸ್ತೆ ಟ್ರಾಫಿಕ್ಕಲ್ಲಿ ಅದು ಪೂರ್ತಿ ಓಡೋದು ಯಾವಾಗ ಹೇಳಿ.

ನೀವು ಕೇಳ್ಬಹುದು, ಹಂಗಿದ್ರೆ ವಾರಕ್ಕೊಂದು ಸಲ ಲಾಂಗ್ ಡ್ರೈವ್ ಹೋದ್ರೆ ಆಯ್ತಲ್ಲ ಅಂತ. ಹೋಗಿ, ಗಾಡಿಗೂ ಒಳ್ಳೇದು ನಿಮಗೂ ಒಳ್ಳೇದು. ಮೈಸೂರಲ್ಲಿರೋರಿಗೆ ಚಾಮುಂಡಿ ಬೆಟ್ಟ ಇದೆ, ಸೆಕೆಂಡು ಥರ್ಡಲ್ಲಿ ಹತ್ತಿ, ಇಳಿಯುವಾಗಲೂ ಥರ್ಡಲ್ಲೇ ಎಂಜಿನ್ ಹಿಡಿತದಲ್ಲಿ ಇಳೀರಿ, ಹತ್ತುವಾಗ ಎಷ್ಟು ಚಾರ್ಜೋ ಇಳಿಯುವಾಗಲೂ ಅಷ್ಟೇ ಚಾರ್ಜು, ಡೈನಮೋಗೆ ಬೇಕಿರೋದು ತಿರುಗೋದಷ್ಟೇ ತಾನೆ. ಇಲ್ಲಾ ರಿಂಗ್ ರೋಡಲ್ಲಿ 50-60ರಲ್ಲಿ ಒಂದು ಗಂಟೆ. ಆದ್ರೆ ಇದ್ರಿಂದ ಬ್ಯಾಟರಿ ಫುಲ್ ಆಗುತ್ತೆ ಅಂದ್ಕೊಂಡ್ರೆ ಅದೂ ಆಗಲ್ಲ. ಲೆಡ್ ಆ್ಯಸಿಡ್ ಬ್ಯಾಟರಿ ಸ್ವಭಾವಾನೇ ಹಂಗೆ, ಹಸಿದಾಗ ಗಬಗಬ ತಿನ್ನುತ್ತೆ, ಮುಕ್ಕಾಲು ಹೊಟ್ಟೆ ತುಂಬಿದ್ಮೇಲೆ ಒಂದೊಂದೇ ಅಗುಳು. ಕೊನೇ ಇಪ್ಪತ್ತು ಪರ್ಸೆಂಟ್ ತುಂಬೋಕೆ ಐದಾರು ಗಂಟೆ ಬೇಕು, ನೀವು ಎಷ್ಟೇ ದೊಡ್ಡ ಕರೆಂಟ್ ಕೊಡ್ತೀನಿ ಅಂದ್ರೂ ಅದು ತಗೊಳ್ಳಲ್ಲ. ಆ ಕೊನೇ ಇಪ್ಪತ್ತು ಪರ್ಸೆಂಟ್ ವರ್ಷಗಟ್ಟಲೆ ತುಂಬದೇ ಹೋದ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳ್ಳುತ್ತೆ, ಒಮ್ಮೆ ಗಟ್ಟಿಯಾದ್ಮೇಲೆ ಚಾರ್ಜರ್ ಇಟ್ರೂ ಬಿಡಲ್ಲ. ನಿಮ್ಮ ಎರಡು ಬ್ಯಾಟರಿ ಸತ್ತಿದ್ದು ಹೀಗೇ ಅನ್ನೋದು ನನ್ನ ಊಹೆ, ಒಂದೇ ದಿನ ಹೋಗಿಲ್ಲ, ಅರ್ಧ ಹೊಟ್ಟೇಲಿ ಬಹಳ ದಿನ ಬದುಕಿ ಹೋಗಿದಾವೆ.

ಹಾಗಾಗಿ ನನ್ನ ಮಾತು ಒಂದೇ, ಈ ಥರ ಗಾಡಿಗೆ ಚಾರ್ಜ್ ಮಾಡೋ ಕೆಲಸ ಡೈನಮೋಗೆ ಬಿಡ್ಬೇಡಿ, ಗೋಡೆ ಪ್ಲಗ್ಗಿಗೆ ಕೊಡಿ. ದಾರೀಲಿ ಬರೋ ಖರ್ಚು ತೂಗಿಸೋಕೆ ಡೈನಮೋ, ತುಂಬಿಸೋಕೆ ಮನೆ ಕರೆಂಟು.

12 ವೋಲ್ಟಿನ ಆಟೋಮ್ಯಾಟಿಕ್ ಚಾರ್ಜರ್ ಒಂದು ತಗೊಳ್ಳಿ, 4 ರಿಂದ 6 ಆಂಪಿಯರ್‌ದು ಸಾಕು, ಬ್ಯಾಟರಿ ಸೈಜಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಮುಖ್ಯವಾಗಿ ನೋಡ್ಬೇಕಾದ್ದು ಫುಲ್ ಆದ್ಮೇಲೆ ತಾನೇ ಇಳಿದು 13.2 ರಿಂದ 13.6 ವೋಲ್ಟಲ್ಲಿ ಹಿಡಿದಿಡುತ್ತಾ ಅಂತ, ಅದನ್ನ ಫ್ಲೋಟ್ ಅಂತಾರೆ. ಬ್ಯಾಟರಿ ಅಂಗಡೀಲಿ ಇರುತ್ತಲ್ಲ ಆಂಪಿಯರ್ ಮುಳ್ಳಿನ ಹಳೇ ಟ್ರಾನ್ಸ್‌ಫಾರ್ಮರ್ ಡಬ್ಬ, ಅದಕ್ಕೆ ನಿಲ್ಲೋದು ಗೊತ್ತಿಲ್ಲ. ನಾನು ಒಂದ್ಸಲ ಅಂಥದ್ದನ್ನ ಹಾಕಿ ಊರಿಗೆ ಹೋಗಿ ಎರಡು ದಿನ ಬಿಟ್ಟು ಬಂದೆ, ಬಾಗಿಲು ತೆಗೆದ್ರೆ ಶೆಡ್ ಪೂರ್ತಿ ಮೂಗು ಉರಿಯೋ ವಾಸನೆ, ಬ್ಯಾಟರಿ ಹೊಟ್ಟೆ ಉಬ್ಬಿತ್ತು, ಮೇಲೆ ಹಗ್ಗದಲ್ಲಿ ಒಣಗಾಕಿದ್ದ ಪಂಚೆ ಒಗೆದ ಮೇಲೆ ಜಾಲರಿ ಆಗಿ ಹೋಯ್ತು. ಹೈಡ್ರೋಜನ್ ಬರುತ್ತೆ ಅನ್ನೋದು ಮರೀಬೇಡಿ, ಕಿಟಕಿ ತೆಗೆದಿಡಿ, ಹತ್ರ ಊದುಬತ್ತಿ ಬೀಡಿ ಸಿಗರೇಟು ಯಾವ್ದೂ ಬೇಡ, ಪ್ಲಗ್ ಆಫ್ ಮಾಡಿದ್ಮೇಲೇನೇ ಕ್ಲಿಪ್ ತೆಗೀಬೇಕು. ಪ್ರತಿ ಸಲ ಬಾನೆಟ್ ಎತ್ತೋ ರಗಳೆ ಬೇಡ ಅಂದ್ರೆ ಫ್ಯೂಸ್ ಇರೋ ಒಂದು ಸಣ್ಣ ವೈರು ಬ್ಯಾಟರಿ ಟರ್ಮಿನಲ್ಲಿಗೆ ಪರ್ಮನೆಂಟಾಗಿ ಕಟ್ಟಿ ಗ್ರಿಲ್ ಹಿಂದೆ ತಂದಿಟ್ಕೊಳ್ಳಿ, ಭಾನುವಾರ ಮಾರ್ಕೆಟಿಂದ ಬಂದು ಸೊಪ್ಪಿನ ಚೀಲ ಇಳಿಸಿ ಪ್ಲಗ್ ಚುಚ್ಚಿದ್ರೆ ಸೋಮವಾರ ಬೆಳಿಗ್ಗೆ ತೆಗೆದ್ರಾಯ್ತು. ಶೆಡ್ಡಲ್ಲಿ ಪ್ಲಗ್ ಪಾಯಿಂಟ್ ಇಲ್ಲದೋರು ಹತ್ತು ವ್ಯಾಟಿನ ಸೋಲಾರ್ ಪ್ಯಾನೆಲ್ ಕಂಟ್ರೋಲರ್ ಜೊತೆ ಹಾಕೊಂಡ್ರೂ ನಡೆಯುತ್ತೆ, ಪ್ಯಾನೆಲ್ ಮಾತ್ರ ಹೊರಗೆ ಬಿಸಿಲಲ್ಲಿರಲಿ, ಕಾರ್ ಗಾಜಿನ ಹಿಂದೆ ಇಟ್ಟು ಮೇಲೆ ಕವರ್ ಹಾಕಿದೋರನ್ನೂ ನೋಡಿದೀನಿ.

ಫುಲ್ ಆಗಿದ್ಯಾ ಅಂತ ತಿಳ್ಕೊಳ್ಳೋಕೆ ಮೀಟರ್ ಹಿಡಿಯೋರಿಗೆ ಒಂದು ಮಾತು. ಯೂಟ್ಯೂಬಲ್ಲಿ ವಿದೇಶದೋರು 12.7 ಇರ್ಬೇಕು ಅಂತಾರೆ, ನೀವು ರಾತ್ರಿಯೆಲ್ಲಾ ಚಾರ್ಜ್ ಮಾಡಿ ನಾಲ್ಕು ಗಂಟೆ ಬಿಟ್ಟು ನೋಡಿದ್ರೂ 12.5 ಬಂತು ಅಂತ ಬೇಜಾರು ಮಾಡ್ಕೋಬೇಡಿ. ನಮ್ಮಂಥ ಸೆಕೆ ದೇಶದಲ್ಲಿ ಆ್ಯಸಿಡ್ ಸ್ವಲ್ಪ ತೆಳ್ಳಗೇ ಹಾಕ್ತಾರೆ, ಗ್ರಾವಿಟಿ, ಅಂದ್ರೆ ಆ್ಯಸಿಡ್ ಎಷ್ಟು ಗಟ್ಟಿ ಅನ್ನೋ ಅಳತೆ, 1.240ರ ಆಸುಪಾಸು, ಚಳಿ ದೇಶದಲ್ಲಿ 1.280. ಗ್ರಾವಿಟಿಗೆ 0.84 ಸೇರಿಸಿದ್ರೆ ಒಂದು ಸೆಲ್ಲಿನ ವೋಲ್ಟೇಜು, ಆರು ಸೆಲ್ಲಿಗೆ ಗುಣಿಸಿ ನೋಡಿ, ನಮ್ಮದು ಸುಮಾರು 12.5, ಅವರದ್ದು 12.7. ಎರಡೂ ಫುಲ್ಲೇ. ಅದಕ್ಕೇ ನಾನು ಮೀಟರ್‌ಗಿಂತ ಗ್ರಾವಿಟಿ ಅಳೆಯೋ ಹೈಡ್ರೋಮೀಟರ್ ನಂಬ್ತೀನಿ, ಆರೂ ಸೆಲ್ ಮುಚ್ಚಳ ತೆಗೆದು ಒಂದೊಂದಾಗಿ ನೋಡಿ, ಐದು ಒಂದೇ ಥರ ಇದ್ದು ಒಂದು ಮಾತ್ರ ಉಳಿದವಕ್ಕಿಂತ 0.030ಕ್ಕೂ ಜಾಸ್ತಿ ಕೆಳಗೆ ಇದ್ರೆ ಆ ಸೆಲ್ ಹೋಗಿದೆ, ಚಾರ್ಜರ್ ಏನೂ ಮಾಡಲ್ಲ. ನೀರು ಕಮ್ಮಿ ಇದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆ್ಯಸಿಡ್ ಹಾಕೋಕೆ ಹೋಗ್ಬೇಡಿ, ಫಿಲ್ಟರ್ ನೀರೂ ಬೇಡ.

ಇನ್ನು ಕರೆಂಟ್ ಕಳ್ಳತನ ಹುಡುಕೋದು. ಈ ಕಾಲದ ಕಾರಲ್ಲಾದ್ರೆ ಕಂಪ್ಯೂಟರ್ ಅದೂ ಇದೂ ಅಂತ ಕೀ ತೆಗೆದ್ರೂ ಏನೋ ಒಂದು ತಿನ್ತಿರುತ್ತೆ, ನಿಮ್ಮ ಗಾಡೀಲಿ ಕೀ ತೆಗೆದ್ಮೇಲೆ ಸೊನ್ನೆ ಇರ್ಬೇಕು. ರಾತ್ರಿ ಶೆಡ್ ಲೈಟ್ ಆರಿಸಿ, ಬಾಗಿಲು ಎಲ್ಲಾ ಹಾಕಿ, ಬ್ಯಾಟರಿಯಿಂದ ಗಾಡಿಯ ಬಾಡೀಗೆ ಹೋಗಿರೋ ಕೇಬಲ್ ಬಿಚ್ಚಿ, ಆಮೇಲೆ ಅದನ್ನ ಮೆಲ್ಲಗೆ ಟರ್ಮಿನಲ್ಲಿಗೆ ತಾಗಿಸಿ ತೆಗೀರಿ. ಕತ್ತಲಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಕಿಡಿ ಕಂಡ್ರೂ ಏನೋ ಎಳೀತಿದೆ ಅಂತ ಅರ್ಥ. ಚಾರ್ಜ್ ಮಾಡಿದ ಕೂಡ್ಲೇ ಈ ಕೆಲಸ ಮಾಡ್ಬೇಡಿ, ಆ ಗ್ಯಾಸ್ ಹೋಗೋಕೆ ಒಂದು ದಿನ ಬಿಡಿ. ಕಿಡಿ ಇಷ್ಟ ಇಲ್ಲದಿದ್ರೆ ಮಧ್ಯ ಒಂದು ಟೆಸ್ಟ್ ಲ್ಯಾಂಪ್ ಹಿಡೀರಿ, ಮಲ್ಟಿಮೀಟರ್ ಆದ್ರೆ 10 ಆಂಪಿಯರ್ ರೇಂಜು. ಅರ್ಧಕ್ಕರ್ಧ ಗಾಡಿಗಳಲ್ಲಿ ಕಳ್ಳ ಯಾರು ಅಂದ್ರೆ ಆಮೇಲೆ ಹಾಕಿಸಿದ ಸ್ಟೀರಿಯೋ. ಅದರ ಗಡಿಯಾರಕ್ಕೆ, ಸ್ಟೇಷನ್ ನೆನಪಿಟ್ಕೊಳ್ಳೋಕೆ 30 ಮಿಲಿ ಆಂಪಿಯರ್ ಹೋದ್ರೂ ವಾರಕ್ಕೆ ಐದು ಆಂಪಿಯರ್-ಅವರ್. ಇನ್ನೊಬ್ಬ ಕಳ್ಳ ಕಟೌಟ್, ಕಾಂಟ್ಯಾಕ್ಟ್ ಅಂಟ್ಕೊಂಡ್ರೆ ಗಾಡಿ ನಿಂತ್ಮೇಲೂ ಬ್ಯಾಟರಿ ಡೈನಮೋಗೆ ಹರೀತಾನೇ ಇರುತ್ತೆ, ವೈರು ಮುಟ್ಟಿದ್ರೆ ಬಿಸಿ ಗೊತ್ತಾಗುತ್ತೆ, ಇದು ಬೆಂಕಿ ಹತ್ತೋ ಕೇಸು, ತಡ ಮಾಡ್ಬೇಡಿ. ಏನೇ ಇರಲಿ ಒಂದು ಕಟಾಫ್ ಸ್ವಿಚ್ ಹಾಕಿಸ್ಕೊಳ್ಳಿ, ಗಾಡಿ ನಿಲ್ಸಿ ತಿರುಗಿಸಿದ್ರೆ ಎಲ್ಲಾ ಬಂದ್, ನನ್ನ ಪ್ರಕಾರ ಹಳೇ ಗಾಡಿಗೆ ಹಾಕ್ಬಹುದಾದ ಅತಿ ಒಳ್ಳೇ ಎಕ್ಸ್‌ಟ್ರಾ ಫಿಟ್ಟಿಂಗ್ ಅದೇ.

ಆಯುಧಪೂಜೆ ದಿನ ಟಕ್ ಅಂತಲ್ಲ, ಅದು ಬ್ಯಾಟರಿ ಇಳಿದಿದ್ದಕ್ಕೇ ಅಂತ ಗ್ಯಾರಂಟಿ ಏನಿಲ್ಲ ನೋಡಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರೋದ್ರಿಂದ ಅದಕ್ಕೂ ಬಾಡಿಗೂ ಮಧ್ಯ ಒಂದು ತಾಮ್ರದ ಜಡೆ ಥರದ ಅರ್ಥ್ ಪಟ್ಟಿ ಇರುತ್ತೆ, ಐವತ್ತು ವರ್ಷದ ಗ್ರೀಸು ಧೂಳಲ್ಲಿ ಅದು ಹಸಿರು ತಿರುಗಿ ಅರ್ಧ ಎಳೆ ತುಂಡಾಗಿರುತ್ತೆ. ಆಗ ಸೆಲ್ಫಿನ ಅಷ್ಟೂ ಕರೆಂಟು ಬೇರೆ ದಾರಿ ಹುಡುಕುತ್ತೆ. ನಮ್ಮ ಬೀದಿಯ ಒಂದು ಅಂಬಾಸಿಡರಲ್ಲಿ ಎರಡು ಸಲ ಬ್ಯಾಟರಿ ಬದಲಾಯಿಸಿದ್ಮೇಲೆ ನನ್ನ ಕರೆದ್ರು, ಸೆಲ್ಫ್ ಹೊಡೀರಿ ಅಂತ ಹೇಳಿ ನಾನು ಚೋಕ್ ಕೇಬಲ್ ಮೇಲೆ ಬೆರಳಿಟ್ಟೆ, ಸುಟ್ಟು ಹೋಯ್ತು, ಪಾಪ ಆ ಸಣ್ಣ ಕೇಬಲ್ಲೇ ಅರ್ಥ್ ಆಗಿ ಕೆಲಸ ಮಾಡ್ತಿತ್ತು. ಮೀಟರಲ್ಲಿ ನೋಡೋದಾದ್ರೆ ಸೆಲ್ಫ್ ತಿರುಗ್ತಿರುವಾಗ ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೂ ಎಂಜಿನ್ ಬ್ಲಾಕಿಗೂ ಮಧ್ಯ ಅರ್ಧ ವೋಲ್ಟಿಗಿಂತ ಜಾಸ್ತಿ ಬರಬಾರ್ದು. ಬಂದ್ರೆ ಪಟ್ಟಿ ಬದಲಾಯಿಸಿ, ಟರ್ಮಿನಲ್ ಮೇಲಿನ ಬಿಳಿ ಹೂವನ್ನ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು ಒಣಗಿಸಿ ವ್ಯಾಸಲೀನ್ ಸವರಿ.

ಡೈನಮೋ ಚೆನ್ನಾಗಿದ್ಯಾ ಅಂತಾನೂ ಒಮ್ಮೆ ನೋಡ್ಬೇಕಲ್ಲ. ಬೆಲ್ಟ್ ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚು ಬಗ್ಬೇಕು, ಜಾಸ್ತಿ ಬಗ್ಗಿದ್ರೆ ಜಾರುತ್ತೆ. ಆಮೇಲೆ ಡೈನಮೋದ ಡಿ ಮತ್ತು ಎಫ್ ಎರಡೂ ವೈರು ಬಿಚ್ಚಿ, ಆ ಎರಡು ಟರ್ಮಿನಲ್ಲನ್ನ ಒಂದು ತುಂಡು ವೈರಲ್ಲಿ ಸೇರಿಸಿ, ಅಲ್ಲಿಂದ ಬಾಡಿಗೆ ವೋಲ್ಟ್ ಮೀಟರ್ ಹಿಡಿದು ಎಂಜಿನ್ ನಿಧಾನಕ್ಕೆ ಸಾವಿರದವರೆಗೆ ಏರಿಸಿ, ಮುಳ್ಳು ತಡವರಿಸದೆ ಸರ್ರಂತ ಮೇಲೆ ಹೋಗ್ಬೇಕು, 20 ವೋಲ್ಟ್ ದಾಟಿಸ್ಬೇಡಿ. ಒಂದು ವೋಲ್ಟಲ್ಲೇ ನಿಂತ್ರೆ ಫೀಲ್ಡ್ ಕಾಯಿಲ್ ಅನುಮಾನ, ಐದರ ಹತ್ರ ನಿಂತ್ರೆ ಆರ್ಮೇಚರ್, ಅಂದ್ರೆ ಒಳಗೆ ತಿರುಗೋ ಭಾಗ. ಏನೂ ಬರದಿದ್ರೆ ಬಹುಶಃ ಕಾರ್ಬನ್ ಬ್ರಷ್ ಸವೆದಿರುತ್ತೆ, 7 ಮಿಲಿಮೀಟರ್‌ಗಿಂತ ಗಿಡ್ಡ ಆಗಿದ್ರೆ ಬದಲಾಯಿಸಿ, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೇಲಿ ವಿಚಾರಿಸಿ. ಕಟೌಟ್ ಡಬ್ಬದೊಳಗಿನ (ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರೂ ಅದರಲ್ಲೇ ಇರುತ್ತೆ) ಸ್ಕ್ರೂ ಮಾತ್ರ ಯಾರಿಗೂ ತಿರುಗಿಸೋಕೆ ಬಿಡ್ಬೇಡಿ, ಚಾರ್ಜ್ ಜಾಸ್ತಿ ಮಾಡ್ತೀನಿ ಅಂತ ಒಂದು ಸುತ್ತು ಬಿಗಿ ಮಾಡಿ ಆರ್ಮೇಚರ್ ಸುಟ್ಟಿದ್ದು ಎಷ್ಟೋ ಇದೆ.

ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ ಎರಡು ದಾರಿ. ದೊಡ್ಡ ಬ್ಯಾಟರಿ ಬೇಡವೇ ಬೇಡ, ಎರಡು ದಿನಕ್ಕೊಮ್ಮೆ ನೀರು ಬಿಡೋ ಏರಿಯಾದಲ್ಲಿ ಸಂಪು ದೊಡ್ಡದು ಕಟ್ಟಿಸಿದ್ರೆ ನಲ್ಲೀಲಿ ನೀರು ಜಾಸ್ತಿ ಬರಲ್ಲ. ಮೇಂಟೆನೆನ್ಸ್ ಫ್ರೀ ಅಂತ ಮುಚ್ಚಳ ಇಲ್ಲದ್ದೂ ಬೇಡ, ಅವು ತುಂಬೋಕೆ 14.4ರ ಮೇಲೆ ಕೇಳ್ತವೆ, ಹಳೇ ಕಟೌಟ್ ಡಬ್ಬದ ರೆಗ್ಯುಲೇಟರ್ ಅಷ್ಟನ್ನ ಸ್ಥಿರವಾಗಿ ಕೊಡೋದು ಕಷ್ಟ, ಮೇಲಾಗಿ ಹೈಡ್ರೋಮೀಟರ್ ಇಳಿಸೋಕೂ ಜಾಗ ಇರಲ್ಲ. ಆಲ್ಟರ್ನೇಟರ್ ಹಾಕಿಸಿದ್ರೆ ಲಾಭ ಇದೆ, ಸುಳ್ಳು ಹೇಳಲ್ಲ, ಐಡ್ಲಿಂಗಲ್ಲೂ ಕಾಯಿಲ್ ಖರ್ಚು ತೂಗಿಸುತ್ತೆ, ಮಾರುತಿದೋ ಇನ್ಯಾವುದೋ ತಂದು ಬ್ರಾಕೆಟ್ ಮಾಡಿ ಕೂರಿಸಿ ಕೊಡ್ತಾರೆ. ರಾತ್ರಿ ದಿನಾ ಓಡಿಸೋರಾಗಿದ್ರೆ ನಾನೇ ಹಾಕಿಸಿ ಅಂತಿದ್ದೆ. ಆದ್ರೆ ವಾರಕ್ಕೆ ಎಂಟು ಕಿಲೋಮೀಟರ್ ಓಡೋ ಗಾಡಿಗೆ ಆ ಕೊನೇ ಇಪ್ಪತ್ತು ಪರ್ಸೆಂಟ್ ಆಲ್ಟರ್ನೇಟರೂ ತುಂಬಲ್ಲ, ಚಾರ್ಜರ್ ಆಗ್ಲೂ ಬೇಕು. ಜೊತೆಗೆ ನಿಮ್ಮ ನೆಂಟರು ತಳ್ಳಿ ಸ್ಟಾರ್ಟ್ ಮಾಡಿದ್ರಲ್ಲ, ಡೈನಮೋ ತನ್ನೊಳಗೆ ಉಳಿದಿರೋ ಮ್ಯಾಗ್ನೆಟಿಸಮ್ಮಿಂದ ತಾನೇ ಎದ್ದೇಳುತ್ತೆ, ಆಲ್ಟರ್ನೇಟರ್ ಗಾಡೀಲಿ ಬ್ಯಾಟರಿ ಪೂರ್ತಿ ಸತ್ತಿದ್ರೆ ಊರೇ ಬಂದು ತಳ್ಳಿದ್ರೂ ಕಷ್ಟ. 1967ರ ಗಾಡಿ ಇಷ್ಟು ವರ್ಷ ಒರಿಜಿನಲ್ಲಾಗಿ ಉಳಿದಿದೆ, ಬಿಟ್ಟುಬಿಡಿ. ಮೀಟರ್ ಲೈಟು, ಪಾರ್ಕಿಂಗು, ಹಿಂದಿನ ಬಲ್ಬು ಇವನ್ನ ಎಲ್ಇಡಿ ಮಾಡಿದ್ರೆ ಹೊರಗೆ ಗೊತ್ತೂ ಆಗಲ್ಲ, ಖರ್ಚೂ ಇಳಿಯುತ್ತೆ.

ಕೊನೇದಾಗಿ, ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಕಟ್ಟಿದೆ ಅಂತ ಇವತ್ತೇ ನೋಡ್ಕೊಳ್ಳಿ. ಆ ಕಾಲದ ಬ್ರಿಟಿಷ್ ಡಿಸೈನ್ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಹೋಗ್ತಿತ್ತು, ಕೆಲವನ್ನ ಮಧ್ಯದಲ್ಲಿ ಯಾರೋ ತಿರುಗಿಸಿರ್ತಾರೆ. ಚಾರ್ಜರಿಗೆ ಅದೇನೂ ತೊಂದ್ರೆ ಇಲ್ಲ, ಕೆಂಪು ಪ್ಲಸ್ಸಿಗೆ ಕಪ್ಪು ಮೈನಸ್ಸಿಗೆ ಅಷ್ಟೇ. ಎಲ್ಇಡಿ ತಗೊಳ್ಳುವಾಗ, ಸ್ಟೀರಿಯೋ ಹಾಕಿಸುವಾಗ ಹೇಳ್ಬೇಕು. ದೊಡ್ಡ ಅಪಾಯ ಇರೋದು ಮುಂದಿನ ಆಯುಧಪೂಜೆಗೆ ಪಕ್ಕದ ಮನೆ ಕಾರಿಂದ ಜಂಪ್ ಕೊಡುವಾಗ, ನಿಮ್ಮ ಬಾಡಿ ಪ್ಲಸ್ಸು ಅವರ ಬಾಡಿ ಮೈನಸ್ಸು ಆಗಿದ್ರೆ ಬಂಪರಿಗೆ ಬಂಪರ್ ತಾಗಿದ್ರೂ ಸಾಕು, ಎರಡು ಬ್ಯಾಟರಿ ನೇರ ಶಾರ್ಟು. ಒಂದು ಮೊಳ ದೂರ ನಿಲ್ಸಿ ಕೇಬಲ್ ಹಾಕಿ. ಅದಕ್ಕಿಂತ ಸುಲಭ ನಿಮ್ಮ ಡಿಕ್ಕೀಲೇ ಬಿದ್ದಿರುತ್ತೆ, ಎಂಜಿನ್ ತಿರುಗಿಸೋ ಹ್ಯಾಂಡಲ್. ಗೇರ್ ನ್ಯೂಟ್ರಲ್ ಮಾಡಿ, ಕೀ ಹಾಕದೆ ನಾಲ್ಕು ಸುತ್ತು ಸುಮ್ಮನೆ ತಿರುಗಿಸಿ ಎಣ್ಣೆ ಏರಿಸಿ, ಆಮೇಲೆ ಕೀ ಹಾಕಿ ಕೆಳಗಿಂದ ಮೇಲಕ್ಕೆ ಒಂದು ಎಳೆತ. ಹೆಬ್ಬೆರಳು ಮಾತ್ರ ಉಳಿದ ನಾಲ್ಕು ಬೆರಳಿನ ಕಡೆಗೇ ಇರಲಿ, ಸುತ್ತಿ ಹಿಡೀಬೇಡಿ, ಹಿಂದಕ್ಕೆ ಒದ್ದರೆ ಮುರಿಯೋದು ಅದೇ.